ಚೆಟ್‌ನ ಅರ್ಧ, ಎಲ್ಮರನ ಅರ್ಧ

"ಬೆನ್ನು ಬಗ್ಗಿಸಬೇಡ್ರೋ, ಮೊಣಕಾಲು ಬಗ್ಗಿಸಿ!" ಎಂದು ಎಲ್ಮರ್ ಕೆಸ್ಲರ್ ಹಲ್ಲು ಕಚ್ಚಿಕೊಂಡೇ ಕೂಗಿದ.

ಶವಪೆಟ್ಟಿಗೆ ಚರ್ಚಿನ ಮೆಟ್ಟಿಲ ಮೇಲೆ ಒಂದು ಕ್ಷಣ ಎಡಕ್ಕೆ ವಾಲಿ ಮತ್ತೆ ನೆಟ್ಟಗಾಯಿತು. ಹೊತ್ತಿದ್ದ ಆರು ಮಂದಿಗೂ ಭಾರ ಹೊರುವುದು ಹೊಸದಲ್ಲ. ಊರಿನ ಎಷ್ಟೋ ನೆಲಮಾಳಿಗೆಗಳಿಂದ ಹಳೆಯ ಕಬ್ಬಿಣದ ವೈಸ್‌ಗಳನ್ನು ಎತ್ತಿ, ಮೆಟ್ಟಿಲು ಹತ್ತಿಸಿ, ಬೆರಳು ಜಜ್ಜಿಸಿಕೊಂಡು ಪಳಗಿದವರು ಅವರು. ಆದರೆ ಆಗೆಲ್ಲ ಯಾರೂ ಕೋಟು ಟೈ ಹಾಕಿರುತ್ತಿರಲಿಲ್ಲ. ಈರಿ ಸರೋವರದ ಕಡೆಯಿಂದ ವರ್ಷದ ಮೊದಲ ಹಿಮ ಮುಖಕ್ಕೆ ರಾಚುತ್ತಲೂ ಇರಲಿಲ್ಲ.

"ಏನಪ್ಪಾ ಇದು ಇಷ್ಟು ಭಾರ?" ಹಿಂದುಗಡೆಯಿಂದ ಗಿಡ್ಡ ಆರ್ಟಿ ಏದುಸಿರು ಬಿಟ್ಟ. "ಡಾಲಿ, ನಿಜ ಹೇಳು, ಒಳಗೆ ವೈಸ್ ಏನಾದ್ರೂ ಇಟ್ಟಿದ್ದೀಯಾ?"

ಪೆಟ್ಟಿಗೆಯ ಹಿಂದೆಯೇ ಮಗಳ ತೋಳು ಹಿಡಿದು ಬರುತ್ತಿದ್ದ ಡೊಲೊರೆಸ್ ಮಜುರೆಕ್ ತಲೆ ಎತ್ತದೆ ಹೇಳಿದಳು. "ಇಷ್ಟು ವರ್ಷ ನಾನು ಬೇಯಿಸಿ ಹಾಕಿದ್ದೆಲ್ಲ ಅದರೊಳಗಿದೆ ಕಣೋ. ಬಾಯಿ ಮುಚ್ಕೊಂಡು ಹೊರು."

ಫಾದರ್ ಕೆಮ್ಮಿದರು. ಕೆಮ್ಮಿನೊಳಗೆ ನಗುವೂ ಸೇರಿತ್ತು ಎಂದು ಆಮೇಲೆ ಎಲ್ಲರೂ ಹೇಳಿಕೊಂಡರು. ಒಳಗೆ ಮಲಗಿದ್ದ ಚೆಸ್ಟರ್ ಮಜುರೆಕ್, ಅಂದರೆ ನಮ್ಮೆಲ್ಲರ ಚೆಟ್, ಇಂಥ ಮಾತು ಕೇಳಿದ್ದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದ. ಜೀವಮಾನವೆಲ್ಲ ಕಾರ್ಖಾನೆಯ ಲೇತ್ ಮುಂದೆ ನಿಂತು ದುಡಿದವನು, ನಿವೃತ್ತನಾದ ಮೇಲೆ ಗುಜರಿಯಲ್ಲಿ ಬಿದ್ದ ಬೆಂಚ್ ವೈಸ್‌ಗಳನ್ನು ಹುಡುಕಿ ತರುವುದನ್ನೇ ಕಸುಬು ಮಾಡಿಕೊಂಡ. ಬೇರೆಯವರಿಗೆ ಅದು ಕೆಲಸದ ಮೇಜಿಗೆ ಬಿಗಿದ, ಸಾಮಾನು ಕಚ್ಚಿ ಹಿಡಿಯುವ ಎರಡು ಕಬ್ಬಿಣದ ದವಡೆ, ಅಷ್ಟೆ. ಚೆಟ್ ಅದರ ತುಕ್ಕು ಬಿಡಿಸಿ, ತಿರುಪು ಬಿಚ್ಚಿ, ಸವೆದ ಜಾಗ ಸರಿಮಾಡಿ, ಮೊದಲು ಯಾವ ಬಣ್ಣವಿತ್ತೋ ಅದನ್ನೇ ಹುಡುಕಿ ಹಚ್ಚಿ, ಬಂದವರಿಗೆಲ್ಲ ತೋರಿಸಿ ತಲೆ ತಿನ್ನುತ್ತಿದ್ದ. ಊರಲ್ಲಿ ಅಂಥ ಹುಚ್ಚರು ಇನ್ನೂ ಕೆಲವರಿದ್ದರು. ಅವರಲ್ಲಿ ಅತಿ ದೊಡ್ಡ ಹುಚ್ಚ ಎಲ್ಮರ್. ಅವನೇ ಚೆಟ್‌ನ ಅತಿ ಹತ್ತಿರದ ಗೆಳೆಯ ಕೂಡ.

ಹೊರಲು ಮುಂದಿನ ಎಡ ಮೂಲೆಯೇ ಬೇಕೆಂದು ಎಲ್ಮರ್ ಹಟ ಹಿಡಿದಿದ್ದ. ಬೆಳಗಿನಿಂದ ಅವನ ತಲೆಯಲ್ಲಿ ಒಂದೇ ಪ್ರಶ್ನೆ ಸುತ್ತುತ್ತಿತ್ತು. ಚೆಟ್‌ನ ಹತ್ತಿರವಿದ್ದ ಅರ್ಧ ವೈಸ್ ಇನ್ನು ಯಾರ ಪಾಲು? ಇವತ್ತು ಅದನ್ನು ಕೇಳಬಾರದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕೇಳದೆ ಇರಲು ತನ್ನಿಂದ ಆಗುವುದಿಲ್ಲ ಎಂದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು. ತನ್ನ ಮೇಲೆ ತನಗೇ ಅಸಹ್ಯವಾಗಿ, ಪೆಟ್ಟಿಗೆಯ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಮಣ್ಣು ಮುಗಿಸಿ ಎಲ್ಲರೂ ಪೋಲಿಷ್ ಕ್ಲಬ್ಬಿನ ಹಾಲ್‌ಗೆ ಊಟಕ್ಕೆ ಬಂದರು. ಆಲೂಗಡ್ಡೆ ತುಂಬಿದ ಪಿಯೆರೋಗಿ ಕಡುಬು, ಹುಳಿ ಎಲೆಕೋಸು, ಸಾಸೇಜು, ದೊಡ್ಡ ಕೆಟಲ್‌ನಲ್ಲಿ ಕಾಫಿ. ಬಿಸಿ ಹೊಟ್ಟೆಗೆ ಬಿದ್ದ ಮೇಲೆ ಜನರ ದನಿ ಏರಿತು. ಚೆಟ್ ಕಾಲ ಮೇಲೆ ಕಬ್ಬಿಣ ಬೀಳಿಸಿಕೊಂಡ ಕತೆ, ಹೆಂಡತಿಯ ಹುಟ್ಟುಹಬ್ಬಕ್ಕೆ ವೈಸ್ ತಂದುಕೊಟ್ಟು ಬೈಸಿಕೊಂಡ ಕತೆ, ಒಂದಾದ ಮೇಲೊಂದು ಹೊರಬಂದವು.

ಅಷ್ಟರಲ್ಲಿ ಒಹಾಯೊದಿಂದ ಕಾರಿನಲ್ಲಿ ಬಂದಿದ್ದ ಡ್ವೈಟ್ ಪ್ರಾಟ್ ಎಂಬವನು ತಟ್ಟೆ ಹಿಡಿದುಕೊಂಡು ಡೊಲೊರೆಸಳ ಪಕ್ಕಕ್ಕೆ ಬಂದ. ಕತ್ತಿಗೆ ರೇಷ್ಮೆಯ ಟೈ, ಬೆರಳಿಗೆ ಉಂಗುರ. ಅವನೂ ವೈಸ್ ಕೂಡಿಡುವವನೇ. ಆದರೆ ಕೈಗೆ ಎಣ್ಣೆ ಅಂಟಿಸಿಕೊಳ್ಳದೆ, ಬೇರೆಯವರು ಸರಿಮಾಡಿದ್ದನ್ನು ಕೊಂಡು ಗಾಜಿನ ಕಪಾಟಿನಲ್ಲಿಡುವ ಜಾತಿ.

"ನಿಮ್ಮ ಯಜಮಾನ್ರು ದೊಡ್ಡ ಮನುಷ್ಯರು ಮೇಡಂ," ಎಂದ. "ಇವತ್ತು ಈ ಮಾತು ಆಡಬಾರದು, ನಂಗೊತ್ತು. ಆದ್ರೂ ಅವರ ಹತ್ರ ಒಂದು ಬಿಡಿ ದವಡೆ ಇತ್ತಂತಲ್ಲ, ಇಲ್ಲಿನ ಹಳೇ ಫೌಂಡ್ರಿದು..."

"ಇತ್ತು. ಇದೆ."

"ಬೆಲೆ ನೀವೇ ಹೇಳಿ."

"ಮನೆಗೆ ಬಾಪ್ಪಾ, ಎಲ್ಲಾ ನೋಡುವೆಯಂತೆ. ಮೊದ್ಲು ಆ ಎಲೆಕೋಸು ತಿನ್ನು. ಆರಿದ್ರೆ ನಾಯಿನೂ ಮೂಸಲ್ಲ," ಎಂದು ಡೊಲೊರೆಸ್ ಅವನನ್ನು ಸಾಗಹಾಕಿದಳು.

ಎದುರಿಗೆ ಕೂತಿದ್ದ ಎಲ್ಮರನ ಕೈಯಲ್ಲಿ ಫೋರ್ಕು ಹಾಗೇ ನಿಂತಿತ್ತು. ತಾನು ನಾಚಿಕೆಪಟ್ಟು ನುಂಗಿಕೊಂಡ ಮಾತನ್ನು ಇವನು ಉಪ್ಪು ಕೇಳಿದ ಹಾಗೆ ಕೇಳಿಬಿಟ್ಟನಲ್ಲ ಎಂದು ಅವನಿಗೆ ಮೈಯೆಲ್ಲ ಉರಿಯಿತು. ಡೊಲೊರೆಸ್ ಅವನ ಕಡೆ ನೋಡಿ ನಿಟ್ಟುಸಿರು ಬಿಟ್ಟಳು.

"ನೀನು ಕೇಳೋಕ್ಕಿಂತ ಮುಂಚೆ ನಾನೇ ಹೇಳ್ಬಿಡ್ತೀನಿ ಎಲ್ಮರ್. ಆಸ್ಪತ್ರೆಲಿ ಕೊನೇ ದಿನ ಅವನು ನನ್ನ ಕೈ ಹಿಡ್ಕೊಂಡು ಆಡಿದ್ದು ಎರಡೇ ಮಾತು. ಒಂದು, ಹೀಟರಿನ ಫಿಲ್ಟರ್ ಬದಲಾಯಿಸು ಅಂದ."

"ಇನ್ನೊಂದು?"

"ನನ್ನ ಅರ್ಧ ಎಲ್ಮರ್‌ಗೆ ಕೊಡಬೇಡ ಅಂದ. ಆಯ್ತು ಅಂತ ಮಾತು ಕೊಟ್ಟೆ."

ಎಲ್ಮರ್ ಫೋರ್ಕು ಕೆಳಗಿಟ್ಟ. "ನಗ್ತಾ ಹೇಳಿದ್ನಾ?"

"ಮೂಗು ಬಾಯಿಗೆಲ್ಲ ನಳಿಕೆ ಹಾಕಿದ್ರು. ನಗ್ತಿದ್ನೋ ಏನೋ ಯಾರಿಗೆ ಗೊತ್ತು," ಎಂದು ಡೊಲೊರೆಸ್ ತನ್ನ ತಟ್ಟೆಯನ್ನೇ ನೋಡುತ್ತ ಹೇಳಿದಳು.

ಅರ್ಧ ಸಿಗದಿದ್ದರೆ ಹಾಳಾಗಿ ಹೋಗಲಿ. ಆದರೆ ಅಷ್ಟು ವರ್ಷದ ಗೆಳೆಯ ಸಾಯುವಾಗಲೂ ತನ್ನ ಮೇಲೆ ಹಟ ಇಟ್ಟುಕೊಂಡೇ ಹೋದನೇ ಎಂಬುದನ್ನು ಮಾತ್ರ ಎಲ್ಮರನಿಗೆ ನುಂಗಿಕೊಳ್ಳಲಾಗಲಿಲ್ಲ. ಪಿಯೆರೋಗಿಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ.

* * *

ಆ ಎರಡು ಅರ್ಧಗಳು ಅವರ ಕೈಗೆ ಬಂದದ್ದು ಎಷ್ಟೋ ವರ್ಷದ ಹಿಂದೆ, ಊರಾಚೆಯ ಒಂದು ದ್ರಾಕ್ಷಿ ತೋಟದ ಮನೆಯ ಹರಾಜಿನಲ್ಲಿ. ಚೆಟ್ ಒಂದು ಪೆಟ್ಟಿಗೆ ತುಂಬ ತುಕ್ಕು ಹಿಡಿದ ಸರಪಣಿ ಕೊಂಡ. ಎಲ್ಮರ್ ದನದ ಕೊಟ್ಟಿಗೆಯ ಬಾಗಿಲು ಗಾಳಿಗೆ ಬಡಿಯದಂತೆ ಒರಗಿಸಿಟ್ಟಿದ್ದ ಒಂದು ಕಬ್ಬಿಣದ ಗಡ್ಡೆಯನ್ನು ಕೊಂಡ. ಇಬ್ಬರಿಗೂ ಒಬ್ಬರನ್ನೊಬ್ಬರು ಅಣಕಿಸಿ ಸಾಕಾಗಲಿಲ್ಲ.

ತಮ್ಮ ತಮ್ಮ ಟ್ರಕ್ಕಿನ ಹಿಂದೆ ನಿಂತು ತಂತಿ ಬ್ರಷ್ಷಿನಿಂದ ಉಜ್ಜಿದ ಮೇಲೆ ಮಾತು ನಿಂತಿತು. ಎಲ್ಮರನ ಗಡ್ಡೆ ವೈಸ್‌ನ ಒಡಲು: ಅಲುಗದ ಹಿಂದಿನ ದವಡೆ, ಅದರ ಕೆಳಗೆ ದುಂಡನೆಯ ಪೀಠ. ಪೀಠದ ಅಂಚು ಒಂದು ಕಡೆ ಯಾರೋ ಬಿಸ್ಕತ್ತು ಕಚ್ಚಿದ ಹಾಗೆ ಒಡೆದುಹೋಗಿತ್ತು. ಚೆಟ್‌ನ ಸರಪಣಿಯ ಅಡಿಯಲ್ಲಿ ಸಿಕ್ಕಿದ್ದು ಮುಂದಿನ, ಜಾರುವ ದವಡೆ. ಅದರ ತಿರುಪು, ಹಿಡಿ ಎಲ್ಲ ಸರಿಯಾಗಿತ್ತು. ಈ ಊರಿನ ಹಳೆಯ ಫೌಂಡ್ರಿಯವರು ಒಂದೊಂದು ಜೊತೆಯನ್ನೂ ಕೈಯಲ್ಲೇ ಅರ ಹಾಕಿ ಉಜ್ಜಿ ಕೂಡಿಸಿ, ಎರಡು ತುಂಡಿಗೂ ಒಂದೇ ಸಂಖ್ಯೆ ಒತ್ತುತ್ತಿದ್ದರು. ಒಂದರ ದವಡೆ ಇನ್ನೊಂದರ ಒಡಲಿಗೆ ಕೂರುವುದಿಲ್ಲ. ಈ ಎರಡರ ಮೇಲೂ ಇದ್ದದ್ದು ಒಂದೇ ಸಂಖ್ಯೆ.

"ಕೊಡು," ಎಂದ ಚೆಟ್.

"ನೀನು ಕೊಡು," ಎಂದ ಎಲ್ಮರ್.

"ತಲೆ ನಂದು. ಮುಂಡ ಇಟ್ಕೊಂಡು ಏನ್ಮಾಡ್ತೀಯಾ?"

"ಮುಂಡ ಆದ್ರೂ ನೆಟ್ಟಗೆ ನಿಲ್ಲತ್ತೆ. ನಿನ್ನ ತಲೆ ಉರುಳಾಡತ್ತೆ ಅಷ್ಟೆ!"

ಆ ಜಗಳ ಅಲ್ಲಿಗೆ ಮುಗಿಯಲಿಲ್ಲ. ಶನಿವಾರ ಬೆಳಗ್ಗೆ ಕಾಫಿಗೆ ಸೇರಿದಾಗಲೆಲ್ಲ ಅದೇ ಮಾತು. ಚೆಟ್ ಒಂದಕ್ಕೆ ಎರಡು ವೈಸ್ ಕೊಡುತ್ತೇನೆಂದ, ಎಲ್ಮರ್ ಮೂರು ಕೊಡುತ್ತೇನೆಂದ. ಚೆಟ್‌ಗೆ ಎದೆನೋವು ಬಂದು ಆಪರೇಷನ್ ಆದಾಗ ಎಲ್ಮರ್ ಹಾಸಿಗೆಯ ಪಕ್ಕದಲ್ಲೇ ಕೂತು ರಾತ್ರಿ ಕಳೆದ. ಬೆಳಗ್ಗೆ ಕಣ್ಣು ಬಿಟ್ಟ ಚೆಟ್‌ನ ಮೊದಲ ಮಾತು, "ಇಲ್ಲ, ಕೊಡಲ್ಲ," ಎಂಬುದಾಗಿತ್ತು. ನರ್ಸ್‌ಗೆ ಏನೂ ಅರ್ಥವಾಗಲಿಲ್ಲ. ಎಲ್ಮರ್ ಮಾತ್ರ, ಸದ್ಯ, ಬದುಕಿಕೊಂಡ ಎಂದು ಖುಷಿಯಿಂದ ಮನೆಗೆ ಹೋಗಿ ನಿದ್ದೆ ಮಾಡಿದ.

* * *

ಊಟ ಮುಗಿಸಿ ಹತ್ತಿರದವರು ಮಜುರೆಕ್ ಮನೆಗೆ ಬಂದರು. ಹೆಂಗಸರು ಅಡುಗೆಮನೆಯಲ್ಲಿ ಪಾತ್ರೆಗಳನ್ನು ಹರಡಿಕೊಂಡರು. ಡ್ವೈಟ್ ಪ್ರಾಟ್ ಕೋಟು ಬಿಚ್ಚುವ ಮೊದಲೇ ನೆಲಮಾಳಿಗೆಯ ಬಾಗಿಲು ಯಾವುದೆಂದು ಹುಡುಕುತ್ತಿದ್ದ.

"ಕಾಲು ಸುಟ್ಟ ಬೆಕ್ಕಿನ ಹಾಗೆ ಸುತ್ತುತಿದಾನೆ ನೋಡು," ಎಂದು ಡೊಲೊರೆಸ್ ಎಲ್ಮರನ ಕಿವಿಯಲ್ಲಿ ಹೇಳಿದಳು. "ನೀನೂ ಜೊತೆಗೆ ಹೋಗು ಮಾರಾಯ. ಏನಾದ್ರೂ ಜೇಬಿಗೆ ಹಾಕ್ಕೊಂಡಾನು."

"ವೈಸ್ ಜೇಬಿಗೆ ಹಾಕ್ಕೊಂಡ್ರೆ ಪ್ಯಾಂಟು ಉದುರತ್ತೆ."

"ಉದುರಲಿ. ಇವತ್ತು ನಂಗೆ ನಗೋದಕ್ಕೆ ಏನಾದ್ರೂ ಬೇಕು," ಎನ್ನುವಾಗ ಅವಳ ಕಣ್ಣು ತುಂಬಿತು. ಮಗಳು ಮಾರ್ಸಿ ಬಂದು ಅಮ್ಮನ ಹೆಗಲು ಹಿಡಿದಳು.

ಎಲ್ಮರ್ ಮೆಟ್ಟಿಲಿಳಿದ. ಚೆಟ್ ಆಸ್ಪತ್ರೆ ಸೇರಿದ ಮೇಲೆ ಅವನು ಇಲ್ಲಿಗೆ ಬಂದಿರಲಿಲ್ಲ. ಅದಕ್ಕೂ ಮೊದಲೂ ಬಂದದ್ದು ಕಡಿಮೆಯೇ. ಶನಿವಾರದ ಕಾಫಿ ಎಂದರೆ ಚೆಟ್ ಯಾವಾಗಲೂ ಎಲ್ಮರನ ಗ್ಯಾರೇಜಿಗೇ ಬರುತ್ತಿದ್ದ. ಇಲ್ಲಿಗೆ ಕರೆದರೆ ಕಾಲು ನೋವು, ಮೆಟ್ಟಿಲು ಕಡಿದು ಎಂದು ಏನೋ ಒಂದು ನೆವ ಹೇಳುತ್ತಿದ್ದ.

ವೈಸ್‌ಗಳು ಹಲಗೆಗಳ ಮೇಲೆ ಸಾಲಾಗಿ ಕೂತಿದ್ದವು. ಬೂದು, ಕಡುಹಸಿರು, ನೀಲಿ, ಒಂದೆರಡು ಕೆಂಪು. ಒಂದರ ಮೇಲೂ ಗೀರಿಲ್ಲ. ಬಣ್ಣ ಹಚ್ಚಿದ ವೈಸ್‌ನಲ್ಲಿ ಕೆಲಸ ಮಾಡಲು ಚೆಟ್ ಯಾರಿಗೂ ಬಿಡುತ್ತಿರಲಿಲ್ಲ. ಕೊನೆಯಲ್ಲಿ ಕಿಟಕಿಯ ಕೆಳಗೆ ಅವನ ಕೆಲಸದ ಮೇಜು. ಅದರ ಮೇಲೆ ಮಡಿಸಿದ ಫ್ಲಾನೆಲ್ ಬಟ್ಟೆ, ಬಟ್ಟೆಯ ಮೇಲೆ ಆ ಬಿಡಿ ದವಡೆ. ಬಣ್ಣವಿಲ್ಲದೆ, ಎಣ್ಣೆಯಿಂದ ಮಿರುಗುತ್ತಿತ್ತು.

ಡ್ವೈಟ್ ಅದರ ಮೇಲೆ ಬಗ್ಗಿ ಉಸಿರು ಬಿಟ್ಟ. "ಆಹಾ! ನೋಡಿ, ತಿರುಪು ಎಷ್ಟು ನುಣುಪಾಗಿದೆ. ನಿನ್ನೆ ಮೊನ್ನೆ ಕೆಲಸ ಮಾಡಿದ ಹಾಗಿದೆ."

ಒಡಲಿಲ್ಲದ ದವಡೆ ಕೆಲಸ ಮಾಡುವುದು ಹೇಗೆ ಎಂದು ಎಲ್ಮರ್ ಮನಸ್ಸಿನಲ್ಲೇ ಬೈದುಕೊಂಡು ಮೇಜಿನತ್ತ ನೋಡಿದ. ಎಣ್ಣೆ, ಕೊಳೆ ಕುಡಿದು ಕಪ್ಪಗಾದ ಹಲಗೆ. ಅದರ ಅಂಚಿನಲ್ಲಿ ಮಾತ್ರ ಒಂದು ದುಂಡನೆಯ ಜಾಗ ತಿಳಿಯಾಗಿ ಉಳಿದಿತ್ತು, ಅದರೊಳಗೆ ಬೋಲ್ಟಿನ ನಾಲ್ಕು ತೂತು. ಏನೋ ಒಂದು ಅಲ್ಲಿ ಬಹಳ ಸಲ ಕೂತಿದ್ದಿರಬೇಕು. ದುಂಡು ಪೂರ್ತಿಯಾಗಿರಲಿಲ್ಲ. ಒಂದು ಕಡೆ ಬಿಸ್ಕತ್ತು ಕಚ್ಚಿದ ಹಾಗೆ ಒಳಕ್ಕೆ ಹೋಗಿತ್ತು.

ಎಲ್ಮರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆ ಕಚ್ಚಿನ ಮೇಲೆ ಬೆರಳಾಡಿಸಿದ. ಈ ಆಕಾರ ಅವನಿಗೆ ಕತ್ತಲಲ್ಲಿ ಕೊಟ್ಟರೂ ಗುರುತು ಸಿಗುತ್ತಿತ್ತು. ಅದು ಇರಬೇಕಾದದ್ದು ಅವನ ಗ್ಯಾರೇಜಿನಲ್ಲಿ.

ಹಲಗೆಯ ಸಂದಿಯಲ್ಲಿ ಕಪ್ಪನೆಯ ಚೂರುಗಳು ಸಿಕ್ಕಿಕೊಂಡಿದ್ದವು. ಉಗುರಿನಿಂದ ಒಂದನ್ನು ಎಬ್ಬಿಸಿ ನೋಡಿದ. ಕಾಡು ವಾಲ್ನಟ್ಟಿನ ಚಿಪ್ಪು. ಸುತ್ತಿಗೆಗೂ ಬಗ್ಗದ ಕಾಯಿ ಅದು. ಒಳ್ಳೆಯ ವೈಸ್‌ನ ದವಡೆಗೆ ಕೊಟ್ಟರೆ ಮಾತ್ರ ಸದ್ದಿಲ್ಲದೆ ಬಾಯಿ ಬಿಡುತ್ತದೆ.

* * *

ನವೆಂಬರ್ ಬಂತೆಂದರೆ ಎಲ್ಮರ್ ಫ್ಲೋರಿಡಾದಲ್ಲಿರುವ ತಂಗಿಯ ಮನೆಗೆ ಹೊರಡುತ್ತಿದ್ದ. ಹೊರಡುವ ಮುನ್ನ ಮನೆಯ ಬೀಗದ ಕೈ ಚೆಟ್‌ಗೆ ಕೊಡುವುದು ವಾಡಿಕೆ. ಚಳಿಗೆ ನೀರಿನ ಪೈಪು ಒಡೆಯದಂತೆ ನೋಡಿಕೊಳ್ಳಲು ಯಾರಾದರೂ ಬೇಕಲ್ಲ. ತನ್ನ ಅರ್ಧಕ್ಕೆ ಕುರಿಯ ಉಣ್ಣೆಯಿಂದ ತೆಗೆದ ಕೊಬ್ಬು, ಜೇನುಮೇಣ ಬೆರೆಸಿ ತಾನೇ ಕಾಯಿಸಿದ ಗ್ರೀಸ್ ಬಳಿದು, ಹಳೆಯ ದುಪ್ಪಟಿ ಸುತ್ತಿ, ಡಬ್ಬಿಯನ್ನು ಪಕ್ಕದಲ್ಲಿಟ್ಟು ಹೋಗುತ್ತಿದ್ದ.

ಏಪ್ರಿಲ್‌ನಲ್ಲಿ ಬಂದು ದುಪ್ಪಟಿ ಬಿಚ್ಚಿದರೆ ಒಂದು ಚುಕ್ಕೆ ತುಕ್ಕು ಇರುತ್ತಿರಲಿಲ್ಲ.

"ನೋಡೋ ಚೆಟ್! ಬೆಣ್ಣೆ ಬೆಣ್ಣೆ! ಇಡೀ ಚಳಿಗಾಲ ಮುಟ್ಟಿಲ್ಲ, ನೋಡಿಲ್ಲ. ಹೇಗಿದೆ ನನ್ನ ಗ್ರೀಸು?"

ಚೆಟ್ ಕಾಫಿಯ ಲೋಟದೊಳಗೆ ಮುಖ ಇಟ್ಟು ಕೆಮ್ಮುತ್ತಿದ್ದ. "ನಿನ್ನ ಗ್ರೀಸ್ ಮುಂದೆ ಯಾರ ಗ್ರೀಸೂ ಇಲ್ಲ ಬಿಡು."

ಚೆಟ್ ಅವನನ್ನು ಬಾಯಿಬಿಟ್ಟು ಹೊಗಳಿದ್ದು ಅದೊಂದಕ್ಕೇ. ಹಾಗಾಗಿ ಎಲ್ಮರ್ ಊರೆಲ್ಲ ಹೇಳಿಕೊಂಡು ತಿರುಗಿದ. ವೈಸ್‌ನವರ ಕೂಟದಲ್ಲಿ ಗ್ರೀಸ್ ಕಾಯಿಸುವ ಬಗೆಯನ್ನು ಭಾಷಣ ಮಾಡಿ ವಿವರಿಸಿದ. ಡಬ್ಬಿಯಲ್ಲಿ ಗ್ರೀಸ್ ಪ್ರತಿ ವರ್ಷ ಒಂದಿಷ್ಟು ಕಡಿಮೆಯಾಗಿರುತ್ತಿತ್ತು. ಉಣ್ಣೆಯ ಕೊಬ್ಬಿನ ವಾಸನೆಗೆ ಇಲಿ ತಿಂದಿರಬೇಕು ಎಂದುಕೊಂಡು ಬೋನು ಇಟ್ಟ. ಯಾವ ಇಲಿಯೂ ಬೀಳಲಿಲ್ಲ.

ಕ್ರಿಸ್‌ಮಸ್ ಹೊತ್ತಿಗೆ ಫ್ಲೋರಿಡಾಕ್ಕೆ ಅಂಚೆಯಲ್ಲಿ ಡೊಲೊರೆಸ್ ಮಾಡಿದ ವಾಲ್ನಟ್ ರೋಲ್ ಬರುತ್ತಿತ್ತು. ಪದರ ಪದರದಲ್ಲೂ ಕಾಡು ವಾಲ್ನಟ್ಟು. ಅಷ್ಟು ಕಾಯಿಯನ್ನು ಹೇಗೆ ಒಡೆದಳಪ್ಪಾ ಎಂದು ಎಲ್ಮರನ ತಂಗಿ ಪ್ರತಿ ಸಲವೂ ಕೇಳುತ್ತಿದ್ದಳು. ಚೆಟ್ ಗಟ್ಟಿಮುಟ್ಟಾಗಿದ್ದಾನೆ, ಒಡೆದುಕೊಡುತ್ತಾನೆ ಎಂದು ಹೇಳುತ್ತ ಎಲ್ಮರ್ ಇನ್ನೊಂದು ತುಂಡು ಕತ್ತರಿಸಿಕೊಳ್ಳುತ್ತಿದ್ದ.

* * *

"ಇಲ್ಲಿ ಯಾವ ವೈಸ್ ಇತ್ತು?" ಎಂದು ಡ್ವೈಟ್ ತಿಳಿಯಾದ ಜಾಗ ತೋರಿಸಿ ಕೇಳಿದ.

"ಅದಾ? ಅದು ಚಳಿಗಾಲದ್ದು," ಎಂದ ಎಲ್ಮರ್.

ಹಾಗೆಂದವನು ಚೆಟ್‌ನ ಸ್ಟೂಲಿನ ಮೇಲೆ ಕುಸಿದು ಕೂತ. ಮೊದಲು ಹೆಗಲು ಕುಲುಕಿತು, ಆಮೇಲೆ ಹೊಟ್ಟೆ. ಕಣ್ಣಿನಿಂದ ನೀರು ಹರಿದು ಟೈ ಮೇಲೆ ಬಿತ್ತು. ಕಳ್ಳ ನನ್ಮಗ! ಇಷ್ಟು ವರ್ಷ, ಪ್ರತಿ ಚಳಿಗಾಲ, ತನ್ನ ಒಡಲನ್ನು ಹೊತ್ತು ತಂದು, ಜೋಡಿಸಿ, ಗಂಡ ಹೆಂಡತಿ ಕೂತು ಕಾಯಿ ಒಡೆದು, ಏಪ್ರಿಲ್ ಹೊತ್ತಿಗೆ ಬಿಚ್ಚಿ, ತನ್ನದೇ ಗ್ರೀಸ್ ಬಳಿದು, ತನ್ನದೇ ದುಪ್ಪಟಿ ಸುತ್ತಿ! ಮೇಲಿಂದ ತಾನು ಭಾಷಣ ಬೇರೆ ಮಾಡಿದ್ದೇನೆ! ಡ್ವೈಟ್ ಪಾಪ, ದುಃಖ ಉಕ್ಕಿ ಬಂದಿದೆ ಎಂದುಕೊಂಡು ಅವನ ಬೆನ್ನು ಸವರಿದ. "ಸಮಾಧಾನ ಮಾಡ್ಕೊಳ್ಳಿ ಸಾರ್. ಎಲ್ಲರೂ ಒಂದಿನ ಹೋಗೋರೇ," ಎಂದ. ಅದನ್ನು ಕೇಳಿ ಎಲ್ಮರನಿಗೆ ನಗು ಇನ್ನೂ ಜಾಸ್ತಿಯಾಯಿತು. ನಡುವೆ ಎಲ್ಲೋ ಅದು ನಿಜವಾದ ಅಳುವೂ ಆಯಿತು.

ಅವನು ಮೇಲೆ ಬಂದಾಗ ಡೊಲೊರೆಸ್ ಬಾಗಿಲಲ್ಲೇ ನಿಂತಿದ್ದಳು. ಅವನ ಕೆಂಪಗಾದ ಕಣ್ಣು ನೋಡಿ ಅವಳ ಮುಖ ಬಾಡಿತು. ಡ್ವೈಟ್ ಬೆಲೆಯ ಮಾತು ತೆಗೆಯುವಷ್ಟರಲ್ಲಿ, "ಅದು ಮಾರೋದಲ್ಲಪ್ಪ," ಎಂದು ಅವನ ಕೈಗೆ ಸಾಸೇಜಿನ ಒಂದು ಪೊಟ್ಟಣ ಕೊಟ್ಟು, ಹಿಮ ಜೋರಾಗುವ ಮುಂಚೆ ಹೊರಡು ಎಂದು ಕಾರಿನವರೆಗೂ ಕಳಿಸಿಬಂದಳು. ಬಂದವಳು ಎಲ್ಮರನನ್ನು ಅಡುಗೆಮನೆಯ ಮೂಲೆಗೆ ಕರೆದಳು.

"ತಗೊಂಡು ಹೋಗು ಮಾರಾಯ," ಎಂದಳು. "ಮಾತು ಕೊಟ್ಟೆ ನಿಜ. ಆದ್ರೆ ನಿನ್ನ ಈ ಮುಖ ನೋಡೋಕ್ಕಾಗಲ್ಲ ನಂಗೆ. ದವಡೆ ನೀನೇ ಇಟ್ಕೋ. ಚೆಟ್‌ಗೆ ನಾನು ಆಮೇಲೆ ಮೇಲೆ ಹೋಗಿ ಸಮಜಾಯಿಷಿ ಕೊಡ್ತೀನಿ."

ಬೆಳಗಿನಿಂದ ಅವನು ಕಾದಿದ್ದ ಮಾತು. ಬೆಳಗಿನಿಂದೇನು, ಆ ಹರಾಜಿನ ದಿನದಿಂದ ಕಾದಿದ್ದ ಮಾತು. ಎಲ್ಮರ್ ಮೂಗು ಒರೆಸಿಕೊಂಡ.

"ಬೇಡ. ಸತ್ತವನ ಮಾತು ಮೀರಬಾರದು."

"ಎಲ್ಮರ್?"

"ಬೇಡ ಅಂದೆನಲ್ಲ. ಇಲ್ಲೇ ಇರಲಿ." ಅವನು ಕೋಟಿನ ಜೇಬಿನಲ್ಲಿ ತಡಕಾಡಿ ಬೀಗದ ಕೈ ಹೊರತೆಗೆದು ಮೇಜಿನ ಮೇಲೆ, ಅವಳ ಕಾಫಿ ಲೋಟದ ಪಕ್ಕ ಇಟ್ಟ. "ಸೋಮವಾರ ನಾನು ಫ್ಲೋರಿಡಾಕ್ಕೆ. ಪೈಪು ನೋಡ್ಕೊಳ್ಳೋರು ಯಾರೂ ಇಲ್ಲ ಈಗ. ನಿನ್ನ ಕೈಲಾಗತ್ತಾ?"

ಡೊಲೊರೆಸ್ ಬೀಗದ ಕೈಯನ್ನು ನೋಡಿದಳು, ಅವನನ್ನು ನೋಡಿದಳು. ಪಾತ್ರೆ ಒರೆಸುತ್ತಿದ್ದ ಮಾರ್ಸಿ ಇದ್ದಕ್ಕಿದ್ದಂತೆ ಸಿಂಕಿನ ಕಡೆ ತಿರುಗಿ ನಲ್ಲಿಯನ್ನು ಜೋರಾಗಿ ಬಿಟ್ಟಳು. ಅವಳ ಬೆನ್ನು ಕುಲುಕುತ್ತಿತ್ತು.

"ಆಗತ್ತೆ," ಎಂದಳು ಡೊಲೊರೆಸ್ ಮೆಲ್ಲಗೆ. "ಈ ವರ್ಷವೂ ರೋಲ್ ಕಳಿಸ್ತೀನಿ."

"ಕಳಿಸು. ಹೋದ ವರ್ಷ ವಾಲ್ನಟ್ಟು ಸ್ವಲ್ಪ ಕಮ್ಮಿಯಾಗಿತ್ತು. ಈ ಸಲ ಕೈ ಬಿಗಿ ಹಿಡಿಬೇಡ."

ಅವಳ ಕೆನ್ನೆ ಕಿವಿಯವರೆಗೂ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದವಳು ಅವನ ತೋಳಿಗೆ ಒಂದು ಏಟು ಕೊಟ್ಟು, ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು. ಎಲ್ಮರ್ ಟೋಪಿ ಹಾಕಿಕೊಂಡು ಹೊರಟ.

ಮನೆಗೆ ಬಂದವನು ಕೋಟು ಕೂಡ ಬಿಚ್ಚದೆ ನೇರವಾಗಿ ಗ್ಯಾರೇಜಿಗೆ ಹೋದ. ತನ್ನ ಅರ್ಧದ ಮುಂದೆ ನಿಂತು, "ಬೆಣ್ಣೆ ಬೆಣ್ಣೆ," ಎಂದು ತನ್ನನ್ನು ತಾನೇ ಅಣಕಿಸಿಕೊಂಡ. ಈ ಸಲ ಗ್ರೀಸ್ ಬಳಿಯಲಿಲ್ಲ. ದುಪ್ಪಟಿ ಸುತ್ತಲಿಲ್ಲ. ಸ್ಪ್ಯಾನರ್ ತೆಗೆದುಕೊಂಡು, ಪೀಠವನ್ನು ಮೇಜಿನ ಹಲಗೆಗೆ ಬಿಗಿದಿದ್ದ ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿ, ಬೆರಳಿನಿಂದ ತಿರುಗಿಸಿದರೆ ಸಾಕು ಎನ್ನುವಂತೆ ಮಾಡಿ ಬಿಟ್ಟ. ಡಾಲಿಗೆ ಎತ್ತಿ ಅಭ್ಯಾಸವಿಲ್ಲ, ಮಾರ್ಸಿಗಂತೂ ಮೊದಲೇ ಸೊಂಟನೋವು. ಮೂಲೆಯಲ್ಲಿದ್ದ ಎರಡು ಚಕ್ರದ ತಳ್ಳುಗಾಡಿಯನ್ನು ಎಳೆದು ತಂದು, ಪಂಪಿನಿಂದ ಗಾಳಿ ತುಂಬಿ, ಹಲಗೆಯ ಕೆಳಗೆ ತಾಗಿಸಿ ನಿಲ್ಲಿಸಿದ. ದೀಪ ಆರಿಸಲು ಹೋದವನು ಹಿಂದಿರುಗಿ ಬಂದು, ಗಾಡಿಯ ತಣ್ಣನೆಯ ಕಬ್ಬಿಣದ ಹಿಡಿಗೆ ತನ್ನ ಕತ್ತಿನ ಉಣ್ಣೆಯ ಮಫ್ಲರ್ ಬಿಚ್ಚಿ ಸುತ್ತಿದ. ಆಮೇಲೆ ಹಿಡಿಯನ್ನು ಬಾಗಿಲ ಕಡೆಗೆ ತಿರುಗಿಸಿಟ್ಟ.